ಆರ್ಲೋನ ಹಾಲುಗಿಡಗಳು

ಪಕ್ಕದ ಮನೆಯ ಆರ್ಲೋ ನಿವೃತ್ತನಾದ ಮೇಲೆ ಸೋಮಾರಿಯಾಗಿದ್ದಾನೆ ಎಂದೇ ಮಾರ್ಲಿಸ್ ಎರಡು ಬೇಸಿಗೆ ನಂಬಿದ್ದಳು. ಅಯೋವಾದ ಆ ಸಣ್ಣ ಊರಿನಲ್ಲಿ ಎಲ್ಲರ ಅಂಗಳದ ಹುಲ್ಲೂ ಆಗತಾನೇ ಕ್ಷೌರ ಮಾಡಿಸಿಕೊಂಡಂತಿದ್ದರೆ, ಇವನ ಅಂಗಳದಲ್ಲಿ ಮಾತ್ರ ಎಕ್ಕದ ಜಾತಿಯ ಹಾಲುಗಿಡ ಸೊಂಟದೆತ್ತರ ಬೆಳೆದು ನಿಂತಿತ್ತು. ಊರಿನ ಅಂದಚಂದದ ಸಮಿತಿಗೆ ಮಾರ್ಲಿಸ್ಸೇ ಅಧ್ಯಕ್ಷೆ. ಮೂರನೆಯ ಬೇಸಿಗೆಯಲ್ಲಿ, ಅಂಗಳ ಕತ್ತರಿಸಬೇಕೆಂಬ ಸಮಿತಿಯ ನೋಟಿಸನ್ನು ತಾನೇ ಹಿಡಿದು ಹೊರಟಳು. ಅಂಚೆಯವನಿಗೆ ಬಿಡುವಂಥ ಕೆಲಸ ಅದಲ್ಲ ಎಂಬುದು ಅವಳ ಅಭಿಪ್ರಾಯ.

ಆರ್ಲೋ ಮಂಡಿಯೂರಿ ಒಂದೊಂದೇ ಎಲೆಯ ಅಡಿಭಾಗ ನೋಡುತ್ತಿದ್ದ.

"ಮೂವತ್ತು ವರ್ಷ ರಸ್ತೆ ಬದಿ ಹುಲ್ಲು ಕತ್ತರಿಸ್ದೋನು ನೀನು. ಮನೆ ಮುಂದೆ ಕತ್ತರಿಸೋಕೆ ಕೈಲಾಗಲ್ವಾ?"

"ಹುಲ್ಲಿನ ಜೊತೆ ಈ ಗಿಡಾನೂ ಕತ್ತರಿಸ್ಬಿಟ್ಟೆ. ಮೊನಾರ್ಕ್ ಚಿಟ್ಟೆ ಬೇರೆ ಯಾವ ಗಿಡದ ಮೇಲೂ ಮೊಟ್ಟೆ ಇಡಲ್ಲ. ಮೊದಮೊದಲು ಟ್ರ್ಯಾಕ್ಟರ್ ಮುಂದೆ ಕಿತ್ತಳೆ ಬಣ್ಣದ ಹಿಂಡೇ ಏಳ್ತಿತ್ತು, ಮುಖದ ಮುಂದಿಂದ ಕೈಯಲ್ಲಿ ಸರಿಸ್ಕೊಂಡು ಹೋಗ್ತಿದ್ದೆ. ಕೊನೇ ವರ್ಷ ಒಂದೂ ಏಳ್ಲಿಲ್ಲ."

ಆ ಎಲೆಯನ್ನು ಮೆಲ್ಲಗೆ ಬಿಟ್ಟು ಮುಂದಿನದನ್ನು ಹಿಡಿದ.

"ಮೂರು ಬೇಸಿಗೆಯಿಂದ ಹುಡುಕ್ತಿದೀನಿ. ಗಸಗಸೆ ಕಾಳಿನಷ್ಟಿರುತ್ತೆ ಮೊಟ್ಟೆ. ಒಂದು ಸಿಕ್ಕಿದ್ರೂ ಸಾಕು."

ಮಾರ್ಲಿಸ್ ಪ್ರತಿ ವರ್ಷ ಚಿಟ್ಟೆಗಳು ಹಾರಿಬರುವ ದಕ್ಷಿಣದ ಆಕಾಶ ನೋಡಿದಳು. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ನೋಟಿಸನ್ನು ನೆಲದ ಮೇಲೆ ಹಾಸಿ, ಬಟ್ಟೆ ಕೊಳೆಯಾಗದಂತೆ ಅದರ ಮೇಲೆ ತಾನೂ ಮಂಡಿಯೂರಿದಳು. ಆದರೂ ಅಧ್ಯಕ್ಷೆ ಅಧ್ಯಕ್ಷೆಯೇ.

"ಮನೆ ಗೊತ್ತಾಗ್ದೆ ಮುಂದೆ ಹೋಗಿರ್ಬೇಕು ಕಣೋ. ಸಮಿತಿಯಿಂದ ಒಂದು ಬೋರ್ಡ್ ಹಾಕಿಸ್ಲಾ?"

"ಚಿಟ್ಟೆಗೆ ಓದೋಕೆ ಬರಲ್ಲ ಮಾರ್ಲಿಸ್. ನೀನು ಆ ಕಡೆ ಎಲೆ ನೋಡು."