ತ್ರಿವೇಣಿಯ ಕೊರಳಿಗೆ ಒಗ್ಗದ ಬಂಗಾರ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ತ್ರಿವೇಣಿ ಕಂಡಕ್ಟರ್. ತವರು ಕಮಲಾಪುರವೇ. ಕೆಂಪು ಬಾಳೆಯ ಬುಟ್ಟಿ ಹೊತ್ತು ಹತ್ತುವ ಹೆಂಗಸರು ಅವಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ಒಂದು ಕಡೆ ಕುಳಿತು ಗೊತ್ತಿಲ್ಲದ ಹೆಣ್ಣು. ಮದುವೆಯಾಗಿ ಕಲಬುರಗಿಯ ಗಾಜಿಪುರದ ಮನೆಗೆ ಬಂದ ಮೇಲೂ ಊಟದ ನಡುವೆ ಏನೋ ನೆನಪಾಗಿ ಎದ್ದುಬಿಡುತ್ತಿದ್ದಳು. ಆದರೆ ಆ ಬೇಸಿಗೆಯಲ್ಲಿ ಹತ್ತಿಕೊಂಡ ಚಡಪಡಿಕೆಯೇ ಬೇರೆ.

ಕೊರಳು ತುರಿಸುತ್ತಿತ್ತು.

ಅತ್ತೆ ಸಾವಿತ್ರಿಬಾಯಿ ಬೇಳೆ ಮಿಲ್ಲಿನಲ್ಲಿ ದುಡಿದು ಮಾಡಿಸಿಕೊಂಡಿದ್ದ ಬೋರಮಾಳವೆಂಬ ಬಂಗಾರದ ಗುಂಡಿನ ಸರವನ್ನು ಅಂಗಡಿಗೆ ಕೊಟ್ಟು, ಸೊಸೆಗೆಂದು ಹೊಸ ಮಾದರಿಯ ತಾಳಿಸರ ತಂದಿದ್ದರು. ಒಂದು ಎಳೆ ಹಳದಿ, ಒಂದು ಎಳೆ ಬಿಳಿ, ಎರಡೂ ಜಡೆಯಂತೆ ಹೆಣೆದದ್ದು. ಬಿಳಿಯದೂ ಬಂಗಾರವೇ ಎಂದು ಅಂಗಡಿಯವನು ಹೇಳಿದ್ದ. ಬಿಸಿಲೇರಿ ಬೆವರು ಇಳಿಯತೊಡಗಿದಾಗ ಕತ್ತಿನ ಸುತ್ತ ಕೆಂಪು ಗೆರೆ ಎದ್ದಿತು, ಆಮೇಲೆ ಗುಳ್ಳೆ, ಗುಳ್ಳೆ ಒಡೆದು ನೀರು. ಚಿಲ್ಲರೆ ಕೊಡಬೇಕಾದ ಕೈ ಕೊರಳಿಗೆ ಹೋಗುತ್ತಿತ್ತು. ಒಬ್ಬರ ಟಿಕೆಟ್ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡಳು. ಕೊನೆಗೆ ಬಸ್ಸಿನಲ್ಲಿ ಸರ ತೆಗೆದಿಟ್ಟು, ಮನೆ ಹತ್ತಿರ ಬಂದಾಗ ಹಾಕಿಕೊಳ್ಳತೊಡಗಿದಳು. ಒಂದು ಸಂಜೆ ಮರೆತಳು.

“ಕೊಳ್ಳಾಗ ಸರ ಎಲ್ಲದ?” ಸಾವಿತ್ರಿಬಾಯಿ ಕೇಳಿದರು.

“ಭಾಳ ತುರಸ್ಲಾಕತ್ಯಾದ್ರಿ ಅತ್ತಿ. ನೋಡ್ರಿ ಇಲ್ಲಿ.”

ಅತ್ತೆ ನೋಡಿದರು, ಮುಟ್ಟಲಿಲ್ಲ. “ಬಂಗಾರ ಯಾರಿಗರ ತುರಸ್ತದೇನು? ಕೊಟ್ಟೋರ ಮ್ಯಾಲ ಮನಸ್ಸಿಲ್ಲಂದ್ರ ತುರಸ್ತದ.”

ಗಂಡ ಸುಧಾಕರ ಆಮೇಲೆ ಮೆಲ್ಲಗೆ, “ಬಂಗಾರೇ ಖೋಟಾ ಇರಬೇಕು ಬಿಡು,” ಅಂದ. ಸಮಾಧಾನಕ್ಕೆಂದು ಆಡಿದ ಮಾತು ಅವಳ ಚಿಂತೆಯನ್ನು ಇನ್ನಷ್ಟು ಹೆಚ್ಚಿಸಿತು. ಖೋಟಾ ಆದರೆ ಅತ್ತೆಯ ಬೋರಮಾಳ ಹೋದಂತೆಯೇ. ಅದನ್ನು ಅವರಿಗೆ ಹೇಳುವವರು ಯಾರು?

ಓಣಿಯಲ್ಲೇ ಇದ್ದ ಅಕ್ಕಸಾಲಿಗ ದಿಲೀಪ ಪತ್ತಾರನ ಹತ್ತಿರ ಸರ ಒಯ್ದಳು. ಅವನು ಒರೆಗಲ್ಲಿಗೆ ತಿಕ್ಕಿ, ತೇಜಾಬು ಎಂಬ ಆಸಿಡ್ಡಿನ ಹನಿ ಬಿಟ್ಟು ನೋಡಿದ.

“ಬಂಗಾರ ಬರೋಬರಿ ಅದ ನೋಡವ್ವ. ಹದಿನೆಂಟು ಕ್ಯಾರೆಟ್. ಅದರ ಜೋಡಿ ಬೆರಸಿದ್ದು ಏನು ಅಂತ ಈ ಕಲ್ಲಿಗಿ ತಿಳಿಯಂಗಿಲ್ಲ.”

ಬಂಗಾರ ಸರಿಯಿದ್ದರೆ ದೋಷ ತನ್ನದೇ? ಅತ್ತೆಯ ಮಾತೇ ನಿಜವೇ? ಆ ವಾರವೆಲ್ಲ ಅವಳಿಗೆ ಬಸ್ಸಿನ ಸೀಟೂ ಮುಳ್ಳಾಯಿತು, ಮನೆಯ ಚಾಪೆಯೂ ಮುಳ್ಳಾಯಿತು. ರಜೆ ಹಾಕಿ ಸೇಡಂ ರಸ್ತೆಯ ಚರ್ಮದ ಡಾಕ್ಟರು ಕುಲ್ಸುಮ್ ಅವರಲ್ಲಿಗೆ ಹೋದಳು.

“ಹಿಂದ ಯಾವಾಗರ ಹಿಂಗ ಆಗಿತ್ತೇನಮ್ಮ?” ಡಾಕ್ಟರು ಕೇಳಿದರು.

ಕಾಲೇಜಿನಲ್ಲಿದ್ದಾಗ ಸಂತೆಯ ಓಲೆ ಹಾಕಿಕೊಂಡು ಕಿವಿ ಕೀವುಗಟ್ಟಿದ್ದು ನೆನಪಾಗಿ ಹೇಳಿದಳು. ಡಾಕ್ಟರು ತಲೆಯಾಡಿಸಿದರು. ಅಗ್ಗದ ಓಲೆಯಲ್ಲಿ ನಿಕಲ್ ಎಂಬ ಲೋಹ ಇರುತ್ತದೆ. ಹಳದಿ ಬಂಗಾರವನ್ನು ಬಿಳಿ ಮಾಡಲೂ ಕೆಲವರು ಅದನ್ನೇ ಬೆರೆಸುತ್ತಾರೆ. ಬೆವರು ತಾಗಿದರೆ ಅದು ಚರ್ಮಕ್ಕಿಳಿಯುತ್ತದೆ, ಕೆಲವರ ಮೈಗೆ ಆಗುವುದಿಲ್ಲ ಎಂದರು. ಅವಳ ಮಾತು ಕೇಳಿ ದಿಲೀಪ ಸರವನ್ನು ಮಷೀನಿನಲ್ಲಿ ಪರೀಕ್ಷೆ ಮಾಡಿಸಿ ತಂದ. ಬಿಳಿ ಎಳೆಯಲ್ಲಿ ನಿಕಲ್ ಇತ್ತು.

ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಸಾವಿತ್ರಿಬಾಯಿ ಸರದ ಬಿಲ್ಲು ಹುಡುಕಿ ತೆಗೆದಿಟ್ಟರು. ಮರುದಿನ ಸೊಸೆಯನ್ನು ಕರೆದುಕೊಂಡು ನೇರ ಅಂಗಡಿಗೆ ನಡೆದರು.

“ಬಿಲ್ಲಿನಾಗ ಬರದಷ್ಟೂ ಬಂಗಾರ ಅದರಿ ಅವ್ವಾರ, ಮೋಸ ಇಲ್ಲ,” ಅಂಗಡಿಯವನು ಹೇಳಿದ. “ಭಾಳ ಮಂದಿಗಿ ಏನೂ ಆಗಂಗಿಲ್ಲ.”

“ನನ್ನ ಸೊಸಿಗಿ ಆಗ್ಯಾದ,” ಅಂದರು ಸಾವಿತ್ರಿಬಾಯಿ. “ಬಂಗಾರ ಎಷ್ಟದ ಅಂತ ಬರದೀರಿ. ಉಳದದ್ದು ಏನದ ಅಂತ ಯಾಕ ಬರದಿಲ್ಲ?”

ಅವನು ಬಿಲ್ಲು ತಿರುವಿ ನೋಡತೊಡಗಿದ. ತ್ರಿವೇಣಿ ಅತ್ತೆಯ ಮುಖ ನೋಡಿದಳು. ‘ನನ್ನ ಸೊಸಿ’ ಎಂದು ಅವರ ಬಾಯಲ್ಲಿ ಅದೇ ಮೊದಲು ಕೇಳಿದ್ದು.

ದಿಲೀಪನ ಹತ್ತಿರ ಸರ ಮುರಿಸುವುದೆಂದು ತೀರ್ಮಾನವಾಯಿತು. ಸಾವಿತ್ರಿಬಾಯಿ ಪತ್ತಾರನ ಎದುರೇ ಪಟ್ಟಾಗಿ ಕೂತರು. ಅವನು ಸರ ಕರಗಿಸಿ ಬೆಳ್ಳಿ ಕೂಡಿಸಿದಾಗ, “ಬೆಳ್ಳಿ ಹಾಕಿದ್ರ ಚೊಕ್ಕ ಆಗ್ತದೇನು?” ಎಂದು ಸಿಡುಕಿದರು. “ಬೆಳ್ಳಿ ಹೆಚ್ಚಾದ್ರನೇ ತೇಜಾಬು ಒಳಗ ಇಳದು ಕೂಡಿಸಿದ್ದೆಲ್ಲ ತಿಂತದ ಅವ್ವಾ,” ಅಂದ ದಿಲೀಪ. ತಗಡು ಬಡಿದು ತೇಜಾಬಿಗೆ ಹಾಕಿದ. ನೀರು ಹಸಿರಾಯಿತು. ಬೆಳ್ಳಿ, ತಾಮ್ರ, ನಿಕಲ್ ಎಲ್ಲ ಅದರಲ್ಲಿ ಕರಗಿ, ತಳದಲ್ಲಿ ಇಟ್ಟಿಗೆಪುಡಿಯಂಥ ಕಂದು ಮಣ್ಣಷ್ಟೇ ಉಳಿಯಿತು.

“ಇದೇನಪ್ಪ? ನನ್ನ ಬಂಗಾರ ಎಲ್ಲಿ?” ಸಾವಿತ್ರಿಬಾಯಿ ಸೊಸೆಯ ಕೈ ಗಟ್ಟಿಯಾಗಿ ಹಿಡಿದರು.

ಆ ಪುಡಿಯನ್ನು ತೊಳೆದು ಮೂಸೆಯಲ್ಲಿ ಕಾಯಿಸಿದಾಗ ಹಳದಿ ಗುಂಡು ಹೊಳೆಯಿತು. ಸಾವಿತ್ರಿಬಾಯಿ ಸೊಸೆಯ ಕೈ ಬಿಟ್ಟರು.

“ಇದರದ್ದೇ ಸರ ಮಾಡು. ಏನೂ ಕೂಡಿಸಬ್ಯಾಡ.”

“ಬರೇ ಬಂಗಾರ ಮೆತ್ತಗಿರ್ತದ ಅವ್ವಾ. ಬಸ್ಸಿನ ಗದ್ದಲದಾಗ ಯಾರರ ಜಗ್ಗಿದ್ರ ಹರೀತದ. ಸ್ವಲ್ಪ ತಾಮ್ರ, ಸ್ವಲ್ಪ ಬೆಳ್ಳಿ ಬೇಕೇ ಬೇಕು. ನಿಕಲ್ ಹಾಕಂಗಿಲ್ಲ.”

ಹೊಸ ಸರ ಮೊದಲಿನದಕ್ಕಿಂತ ತೆಳುವಾಗಿತ್ತು, ತುಸು ಕೆಂಪು ಛಾಯೆಯದು. ಸಾವಿತ್ರಿಬಾಯಿ ತಾವೇ ಅದನ್ನು ಸೊಸೆಗೆ ಹಾಕಿದರು. ಹಾಕುವಾಗ ಗಾಯದ ಮೇಲೆ ಬೆರಳಾಡಿಸಿದರು. ಗುಳ್ಳೆ ಒಣಗಿದವು, ಕಪ್ಪು ಕಲೆ ಮಾತ್ರ ಉಳಿಯಿತು.

ಮಳೆಗಾಲದಲ್ಲಿ ಅತ್ತೆ ಅವಳದೇ ಬಸ್ಸಿನಲ್ಲಿ ಕಮಲಾಪುರಕ್ಕೆ ಬೀಗರ ಮನೆಗೆ ಹೊರಟಿದ್ದರು. ಪಕ್ಕದಲ್ಲಿ ಕೂತ ಹೆಂಗಸು ಮಗಳ ಮದುವೆಗೆ ಬಂಗಾರ ಕೊಳ್ಳಬೇಕಿದೆ ಎಂದಳು. “ಬಂಗಾರ ಎಷ್ಟದ ಅಂತ ಕೇಳಿದ್ರ ಸಾಲದು,” ಸಾವಿತ್ರಿಬಾಯಿ ಶುರು ಮಾಡಿದರು, “ಅದರ ಜೋಡಿ ಏನು ಹಾಕೀರಿ ಅಂತನೂ ಕೇಳಬೇಕು.” ತ್ರಿವೇಣಿ ಕೇಳಿಸದವಳಂತೆ ಟಿಕೆಟ್ ಕೊಡುತ್ತಾ ಹಿಂದೆ ಸರಿದಳು.