ಬೀಳಬಾರದೆಂದು ಕಟ್ಟಿದ್ದೆ

ಮನೆಯಿಂದ ಹೊರಟಾಗ ಬೀಗವನ್ನು ಮೂರು ಸಲ ಜಗ್ಗಿ ನೋಡುವವನು ನಾನು. ಒಮ್ಮೆ ಮೂರನೆಯ ಸಲ ಜಗ್ಗಿದಾಗ ಬೀಗವೇ ಕಿತ್ತು ಕೈಗೆ ಬಂತು. ಆದರೂ ಚಟ ಬಿಟ್ಟಿಲ್ಲ. ಬಸ್ಸು ಹತ್ತಿದರೆ ಡ್ರೈವರನ ಕಣ್ಣು ಕೆಂಪಗಿದೆಯೇ ಎಂದು ಬಗ್ಗಿ ನೋಡುತ್ತೇನೆ. ಮಕ್ಕಳು ನಗುತ್ತಾರೆ. "ನಗಬ್ಯಾಡ್ರಿ, ಇಂಥಾ ಮನಷ್ಯಾನಿಂದ ಯಾರಿಗೂ ಕೇಡಿಲ್ಲ" ಎಂದು ಹೆಂಡತಿ ನನ್ನ ಪರ ವಹಿಸುತ್ತಾಳೆ. ಪಾಪ, ಅವಳಿಗೆ ಗೊತ್ತಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ನಾನು ಒಬ್ಬ ಹುಡುಗನನ್ನು ಬರೀ ಮುಂಜಾಗ್ರತೆಯಿಂದಲೇ ಭೀಮಾ ನದಿಯಲ್ಲಿ ಮುಳುಗಿಸಿದವನು.

ಆಗ ನಿಜಾಮರ ಕಾಲ. ಆ ಕಾಲ ಮುಗಿಯುತ್ತ ಬಂದಿತ್ತೆಂದು ಈಗ ಎಲ್ಲರೂ ಹೇಳುತ್ತಾರೆ. ಆಗ ನಮಗೆ ಮುಗಿಯದೆ ಇದ್ದದ್ದು ಉರ್ದು ಪಾಠಗಳು ಮಾತ್ರ. ನಾನು ಸುರಪುರದವನು, ಬಂಡೆಗಳ ಊರಿನವನು. ನೀರನ್ನು ಕೊಡದಲ್ಲಿ ನೋಡಿ ಗೊತ್ತಿತ್ತೇ ಹೊರತು ಹರಿಯುವುದನ್ನು ನೋಡಿ ಅಭ್ಯಾಸವಿರಲಿಲ್ಲ. ಮುಂದಿನ ಓದಿಗೆ ಯಾದಗಿರಿಗೆ ಬಂದು, ಹದಿನೆಂಟು ಹುಡುಗರಿದ್ದ ಒಂದು ಬೋರ್ಡಿಂಗಿನಲ್ಲಿ ಸೇರಿದ್ದೆ. ಎಲ್ಲರಿಗೂ ಕುತ್ತಿಗೆವರೆಗೆ ಗುಂಡಿ ಹಾಕುವ ಶೇರವಾನಿ, ತಲೆಯ ಮೇಲೆ ಗೊಂಡೆಯ ಕೆಂಪು ಟೋಪಿ, ಶುಕ್ರವಾರ ರಜೆ.

ಬೋರ್ಡಿಂಗಿನ ಹಿರಿಯ ಹುಡುಗರದೊಂದು ಕೂಟವಿತ್ತು. ಅದಕ್ಕೆ 'ಅಂಜುಮನ್' ಎಂದು ಭಾರೀ ಹೆಸರು. ಅದರ ಅಧ್ಯಕ್ಷನನ್ನು ಸದರ್ ಸಾಹೇಬ ಅನ್ನಬೇಕು. ಅವನು ಮೆಟ್ರಿಕ್ಕಿಗೆ ಎರಡು ಸಲ ಕೂತು ಎರಡು ಸಲವೂ ಅಲ್ಲೇ ಉಳಿದಿದ್ದರಿಂದ ಹಿರಿತನದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಮೀಸೆ ಬೇರೆ ಬಂದಿತ್ತು. ಅಂಜುಮನ್‌ಗೆ ಸೇರದವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಊಟಕ್ಕೆ ಕೂತರೆ ನೀರಿನ ತಂಬಿಗೆ ಅವನ ಎದುರಿನಿಂದಲೇ ಹಾದುಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಖಾರದ ಚಟ್ನಿ ತಿಂದು ತಂಬಿಗೆಯನ್ನೇ ನೋಡುತ್ತ ಕೂತವನಿಗೆ ಅಂಜುಮನ್‌ನ ಮಹಿಮೆ ಎರಡೇ ದಿನಕ್ಕೆ ಅರ್ಥವಾಗುತ್ತಿತ್ತು.

ಸೇರುವ ದಾರಿ ಒಂದೇ. ಅದರ ಹೆಸರು ಗಿರಗಿರಿ. ಶುಕ್ರವಾರ ಮಧ್ಯಾಹ್ನ ಅಂಬಿಗ ಊಟಕ್ಕೆ ಮನೆಗೆ ಹೋದಾಗ, ದಂಡೆಯಲ್ಲಿದ್ದ ಅವನ ಹರಗೋಲಿನಲ್ಲಿ ಹೊಸಬನನ್ನು ಶೇರವಾನಿ ಟೋಪಿ ಸಮೇತ ಕೂರಿಸುವುದು. ಸೊಂಟದ ನೀರಿನಲ್ಲಿ ನಿಂತ ಇಬ್ಬರು ಆ ದುಂಡನೆಯ ಹರಗೋಲನ್ನು ಗಿರಗಿರ ತಿರುಗಿಸುವುದು. ತಿರುಗುತ್ತಲೇ ಅವನು ಹದಿಮೂರರ ಮಗ್ಗಿಯನ್ನು ಉರ್ದುವಿನಲ್ಲಿ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಮುಗಿದ ಮೇಲೆ ಇಳಿದು, ಮರಳಿನ ಮೇಲೆ ನೆಟ್ಟಗೆ ನಡೆದು ಹೋಗಿ ಸದರ್ ಸಾಹೇಬನಿಗೆ ಬಗ್ಗಿ ಮೂರು ಆದಾಬ್ ಸಲ್ಲಿಸಬೇಕು.

ಹಿಂದಿನ ವರ್ಷ ನನ್ನದೂ ಆಗಿತ್ತು. ಇಳಿದಾಗ ಭೂಮಿ ನನ್ನ ಕಾಲಿಗಿಂತ ಮೊದಲೇ ಎಲ್ಲಿಗೋ ಹೊರಟುಹೋಗಿತ್ತು. ಆಕಾಶದಲ್ಲಿ ಹೊಳೆ, ಹೊಳೆಯಲ್ಲಿ ರೈಲು ಸ್ಟೇಷನ್ನು. ಹೇಗೋ ನಡೆದುಹೋಗಿ ಬಹಳ ಗೌರವದಿಂದ ನಾನು ಮೂರು ಆದಾಬ್ ಸಲ್ಲಿಸಿದ್ದು ಮಡಿವಾಳರ ಕತ್ತೆಗೆ. ಅದು ಕಿವಿ ಅಲ್ಲಾಡಿಸಿ ಸ್ವೀಕರಿಸಿತು. ಹುಡುಗರು ಮರಳಿನಲ್ಲಿ ಹೊರಳಾಡಿ ನಕ್ಕರು, ನಾನೂ ನಕ್ಕೆ, ಸಂಜೆ ಊಟದಲ್ಲಿ ತಂಬಿಗೆ ನನ್ನ ಮುಂದೆ ನಿಂತಿತು. ಸುಳ್ಳೇಕೆ ಹೇಳಲಿ, ಅಷ್ಟು ಸಿಹಿ ನೀರು ನಾನು ಆಮೇಲೆ ಎಲ್ಲೂ ಕುಡಿದಿಲ್ಲ.

ಮರುವರ್ಷ ದಸರೆ ಮುಗಿದ ಮೇಲೆ ಮೂವರು ಹೊಸಬರು ಬಂದರು. ಇಬ್ಬರು ರಾಮಸಮುದ್ರದವರು, ಒಬ್ಬ ದೋರನಹಳ್ಳಿಯವನು. ಈ ದೋರನಹಳ್ಳಿಯವನು ಗುಂಡುಗುಂಡಾಗಿದ್ದ, ಎಲ್ಲದಕ್ಕೂ ನಗುತ್ತಿದ್ದ. ಮಾಸ್ತರರು ಹೊಡೆದರೂ ನಗು, ಅದಕ್ಕಾಗಿ ಮತ್ತೆ ಹೊಡೆದರೆ ಇನ್ನಷ್ಟು ನಗು. ಅವನನ್ನು ಬಿಡಲು ಅವನ ತಾಯಿಯೇ ಬಂದಿದ್ದಳು, ಎತ್ತಿನ ಗಾಡಿಯನ್ನು ಆಚೆ ದಂಡೆಯಲ್ಲಿ ನಿಲ್ಲಿಸಿ, ರೊಟ್ಟಿಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹರಗೋಲಿನಲ್ಲಿ ಹೊಳೆ ದಾಟಿ. ಬೋರ್ಡಿಂಗಿನ ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದ ನಮ್ಮನ್ನೆಲ್ಲ ಸಂತೆಯಲ್ಲಿ ಬದನೆಕಾಯಿ ನೋಡುವಂತೆ ನೋಡಿ, ನನ್ನ ಮುಂದೆ ನಿಂತಳು.

"ನೀ ಅಂಜಬುರುಕ ಇದ್ದಂಗ ಕಾಣ್ತಿ."

"ಹೌದ್ರಿ ಎವ್ವಾ," ಅಂದೆ. ಬೇರೆ ಏನು ಹೇಳಲಿ?

"ಚಲೋ ಆತು. ಇಂವಾ ಬಾವಿ ದಂಡಿಗೆ ನಿಂತ್ರೂ ನಗ್ತಾನ, ಈಸೂ ಬರೂದಿಲ್ಲ. ಇವನ್ನ ನಿನ್ನ ಕೈಯಾಗ ಕೊಟ್ಟೀನಿ ನೋಡು. ಅಂಜಾವ್ರ ಕೈಯಾಗ ಇದ್ರ ನನಗ ಚಿಂತಿಲ್ಲ."

ನನ್ನ ಮುಖಕ್ಕೆ ಜೀವನದಲ್ಲಿ ಸಿಕ್ಕ ಒಂದೇ ಒಂದು ಸರ್ಟಿಫಿಕೇಟು ಅದು.

ಮೊದಲ ಗಿರಗಿರಿ ಅವನದೇ ಎಂದು ಗೊತ್ತಾದಾಗಿನಿಂದ ನನಗೆ ಅನ್ನ ಸೇರಲಿಲ್ಲ. ಹೊಳೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ದಂಡೆಯ ಹತ್ತಿರ ಸೊಂಟದ ನೀರು; ನಾಲ್ಕು ಹೆಜ್ಜೆ ಆಚೆ ಎಷ್ಟೆಂದು ಅಂಬಿಗನನ್ನು ಕೇಳಿದ್ದಕ್ಕೆ ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದು, "ನಿನ್ನಂಥಾವ್ರು ಒಬ್ಬರ ಮ್ಯಾಲ ಒಬ್ಬರು ಎರಡು ಮಂದಿ" ಅಂದಿದ್ದ. ಸದರ್ ಸಾಹೇಬನ ಮುಂದೆ ಹೋಗಿ "ಇವನಿಗೆ ಬ್ಯಾಡ" ಅನ್ನಬೇಕಿತ್ತು. ಎರಡೇ ಶಬ್ದ. ವಾರವಿಡೀ ಬಾಯಿಪಾಠ ಮಾಡಿದೆ. ಹೋಗಿ ನಿಂತಾಗ ಬಾಯಿಂದ ಬಂದದ್ದು ಬೇರೆ:

"ಬಂದೋಬಸ್ತ್ ಎಲ್ಲಾ ನಂದು."

"ಮಾಡಪಾ ಕೊತ್ವಾಲ ಸಾಹೇಬಾ," ಎಂದ ಅವನು ಮೀಸೆ ತಿರುವಿ. "ಹೊಳಿಗೂ ಒಂದು ಬೀಗ ಹಾಕಿಬಿಡು."

ಮಾಡಿದೆ. ಬೋರ್ಡಿಂಗಿನ ಬಾವಿಯ ಹಗ್ಗವನ್ನೇ ಬಿಚ್ಚಿ ತಂದೆ. ಅಡುಗೆಯವನು ಬೈಯುತ್ತ ಬೀದಿಯವರೆಗೆ ಬಂದ. ಒಂದು ತುದಿಯನ್ನು ದಂಡೆಯ ಬಂಡೆಗೆ, ಇನ್ನೊಂದನ್ನು ಹರಗೋಲಿನ ಅಂಚಿಗೆ ಕಟ್ಟಿದೆ, ಹರಗೋಲು ತೇಲಿಹೋಗಬಾರದೆಂದು. ಆಮೇಲೆ ಲುಂಗಿ ಸುತ್ತಿಕೊಂಡು, ಉಟ್ಟಿದ್ದ ಧೋತರ ಬಿಚ್ಚಿ ಹೊಸೆದು ಹುರಿ ಮಾಡಿ ಹುಡುಗನ ಸೊಂಟಕ್ಕೆ ಬಿಗಿದು, ಹರಗೋಲಿನ ಬಿದಿರಿಗೆ ಗಂಟು ಹಾಕಿದೆ. ಅದು ನನ್ನ ಸೋದರಮಾವ ಸುರಪುರದ ಗುಡ್ಡ ಹತ್ತುವ ಎತ್ತಿನ ಮೇಲೆ ಹೇರು ಕಟ್ಟುವಾಗ ಹಾಕುತ್ತಿದ್ದ ಗಂಟು. ನೀರು ತಾಗಿದರೆ ಇನ್ನೂ ಬಿಗಿಯುತ್ತದೆಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ.

"ಏನ್ ಮಾಡಾಕತ್ತಿ?" ಎಂದ ಹುಡುಗ, ನಗುತ್ತ.

"ಬೀಳಬಾರದಂತ."

"ಬಿದ್ದರ?"

"ಬೀಳೂದಿಲ್ಲಪಾ. ಕಟ್ಟೀನಲ್ಲ."

"ಹೊಟ್ಟಿ ಹಿಡಿತೈತಿ. ನಗಾಕ ಬರವಲ್ದು."

"ನಗಬ್ಯಾಡ ಹಂಗಾರ!"

ಅದಕ್ಕೂ ನಕ್ಕ. ಶುರುವಾಯಿತು. "ತೇರಾ ಏಕಂ ತೇರಾ, ತೇರಾ ದೂನೆ ಛಬ್ಬೀಸ್..." ಟೋಪಿಯ ಗೊಂಡೆ ಅಡ್ಡಡ್ಡ ನಿಂತು ತಿರುಗುತ್ತಿತ್ತು. ತಿರುಗಿಸುವವರೂ ನಗುತ್ತಿದ್ದರು, ದಂಡೆಯವರು ಚಪ್ಪಾಳೆ ಹಾಕುತ್ತಿದ್ದರು, ಬರೀ ಲುಂಗಿಯಲ್ಲಿ ನಿಂತಿದ್ದ ನಾನು ಕೂಡ ಎಲ್ಲವನ್ನೂ ಮರೆತು ಕುಣಿಯುತ್ತಿದ್ದೆ. ಹದಿಮೂರೇಳಲಿಗೆ ಬಂದಾಗ ಅವನು "ನವ್ವೆ!" ಎಂದ. ತೊಂಬತ್ತು! ಒಂದು ಕಡಿಮೆ! ಹೋ ಎಂದು ಕೂಗು. ಮತ್ತೆ ಮೊದಲಿನಿಂದ.

ಹರಗೋಲು ತಿರುಗಿದರೆ ಅಂಚಿಗೆ ಕಟ್ಟಿದ ಹಗ್ಗ ಅದರ ಸುತ್ತ ಸುತ್ತಿಕೊಳ್ಳುತ್ತದೆ, ಸುತ್ತಿಕೊಂಡ ಹಗ್ಗ ಗಿಡ್ಡವಾಗುತ್ತದೆ. ಬುಗುರಿ ಆಡಿದ ಯಾವ ಹುಡುಗನಿಗೂ ಇದು ಗೊತ್ತು. ಬುಗುರಿಯ ಮೊಳೆ ಕಣ್ಣಿಗೆ ಚುಚ್ಚೀತೆಂದು ನಾನು ಬುಗುರಿ ಆಡಿದವನಲ್ಲ. ಮಗ್ಗಿಯ ಎರಡನೆಯ ಸುತ್ತಿನ ನಡುವೆ ಹಗ್ಗ ಬಿಗಿದು ನಿಂತಿತು. ತಿರುಗಿಸುವವರು, ಏನೋ ತೊಡಕಿದೆ ಎಂದು, ಜೋರಾಗಿ ನೂಕಿದರು. ಒಂದು ಅಂಚು ಕೆಳಗೆ ಜಗ್ಗಿತು, ಇನ್ನೊಂದು ಮೇಲೆದ್ದಿತು, ಹರಗೋಲು ಬುಟ್ಟಿ ಬೋರಲು ಹಾಕಿದ ಹಾಗೆ ಕವುಚಿಬಿತ್ತು. ಟೋಪಿ ಒಂದೇ ತೇಲಿಹೋಯಿತು.

ಆಮೇಲೆ ಹರಗೋಲಿನ ಒಳಗಿನಿಂದ, ಗಡಿಗೆಯಲ್ಲಿ ಬಾಯಿಟ್ಟು ಮಾತಾಡಿದ ಹಾಗೆ, ದನಿ ಬಂತು: "ತೇರಾ ಸತ್ತೆ ಇಕ್ಯಾನ್ವೆ!"

ತೊಂಬತ್ತೊಂದು! ಸರಿಯಾಗಿತ್ತು! ದಂಡೆಯಲ್ಲಿ ಎಂಥ ನಗು ಎದ್ದಿತೆಂದರೆ ಸದರ್ ಸಾಹೇಬ ಹೊಟ್ಟೆ ಹಿಡಿದು ಕೂತುಬಿಟ್ಟ. ಒಳಗೆ ಸ್ವಲ್ಪ ಗಾಳಿ ಉಳಿದಿತ್ತು, ಅದರಲ್ಲಿ ಅವನ ತಲೆ ಇತ್ತು. ಮಗ್ಗಿ ಮುಂದುವರಿಯಿತು. ಎಂಟು ಆಯಿತು. ಒಂಬತ್ತರ ಅರ್ಧಕ್ಕೆ ಗುಳಗುಳ ಎಂದು ಅಂಚಿನಿಂದ ದೊಡ್ಡ ಗುಳ್ಳೆಯೊಂದು ಬಂತು. ಹತ್ತು ಬರಲಿಲ್ಲ.

ಎಲ್ಲರೂ ಇನ್ನೂ ನಗುತ್ತಿದ್ದರು. ಅವನೀಗ ಈ ಕಡೆಯೋ ಆ ಕಡೆಯೋ ತಲೆ ಎತ್ತುತ್ತಾನೆಂದು ಕಾಯುತ್ತಿದ್ದರು. ಅವನು ತಲೆ ಎತ್ತಲಾರ, ಅವನನ್ನು ಕಟ್ಟಿಹಾಕಿದೆ ಎಂಬುದು ನೆನಪಿದ್ದದ್ದು ನನಗೊಬ್ಬನಿಗೆ.

ನೀರಿಗೆ ಹೇಗೆ ಇಳಿದೆನೋ ತಿಳಿಯದು. ನೂಕಿದ ಭರಕ್ಕೆ ಹರಗೋಲು ಆಳದ ಕಡೆ ಸರಿದಿತ್ತು; ನೀರು ಎದೆಯವರೆಗೆ ಬಂತು, ಗದ್ದಕ್ಕೆ ಬಂತು. ಅಂಚಿನ ಕೆಳಗೆ ಕೈ ಹಾಕಿದರೆ ನೆನೆದ ಶೇರವಾನಿ ಸಿಕ್ಕಿತು, ಕಲ್ಲಿನ ಭಾರ. ಗಂಟು ಸಿಕ್ಕಿತು. ಸೋದರಮಾವ ಹೇಳಿದ್ದು ಅಕ್ಷರಶಃ ನಿಜ; ನೀರು ತಾಗಿ ಅದು ಕಬ್ಬಿಣವಾಗಿತ್ತು. ಉಗುರು ಮುರಿಯಿತು. ಮುಳುಗಿ ಹಲ್ಲು ಹಾಕಿದೆ, ನೀರು ಕುಡಿದೆ, ಎದ್ದು ಕೂಗಿದೆ: "ಕಟ್ಟೀನಿ! ಅವನ್ನ ಕಟ್ಟೀನ್ರೋ!"

ದಂಡೆಯ ನಗು ಹರಿದ ಬಟ್ಟೆಯ ಹಾಗೆ ಅಲ್ಲಲ್ಲೇ ನಿಂತಿತು. ತಿರುಗಿಸುತ್ತಿದ್ದ ಇಬ್ಬರು ಗಾಬರಿಯಲ್ಲಿ ದಂಡೆ ಹತ್ತಿಬಿಟ್ಟರು. ಬಂದವಳು ಅಂಬಿಗನ ಹೆಂಡತಿ. ಕೆಳಗಡೆ ಮೀನು ಸೀಳುತ್ತ ಕೂತಿದ್ದಳು. ಕಚ್ಚೆ ಬಿಗಿದು, ಚೂರಿ ಹಿಡಿದೇ ನೀರಿಗೆ ಬಿದ್ದಳು. ನನ್ನ ಮುಖಕ್ಕೆ ಕೈಯಿಟ್ಟು ಪಕ್ಕಕ್ಕೆ ದೂಡಿ, ಒಳಗೆ ಹೋಗಿ, ಧೋತರ ಕೊಯ್ದು, ಹುಡುಗನ ಶೇರವಾನಿಯ ಕೊರಳಪಟ್ಟಿ ಹಿಡಿದು ಎಳೆದು ತಂದಳು.

ಮರಳಿನ ಮೇಲೆ ಅವನು ಸುಮ್ಮನೆ ಬಿದ್ದಿದ್ದ. ಆ ಮುಖ ನಗದೆ ಇರುವುದನ್ನು ನಾನು ಮೊದಲ ಸಲ ನೋಡಿದೆ. ಅವಳು ಅವನನ್ನು ಮೊಣಕಾಲಿನ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಒಂದು, ಎರಡು, ಮೂರು. ನನ್ನ ತಲೆಯಲ್ಲಿ ಅವನ ತಾಯಿ ಆಚೆ ದಂಡೆಯಲ್ಲಿ ಗಾಡಿಯಿಂದ ಇಳಿಯುತ್ತಿದ್ದಳು. ಆರನೆಯ ಗುದ್ದಿಗೋ ಏಳನೆಯದಕ್ಕೋ ನೀರು ಹೊರಬಿತ್ತು, ಕೆಮ್ಮು ಬಂತು.

ಸ್ವಲ್ಪ ಹೊತ್ತಿಗೆ ಅವನು ಎದ್ದು ಕೂತ. ಇನ್ನೂ ಸ್ವಲ್ಪ ಹೊತ್ತಿಗೆ, ಯಾರು ಬೇಡವೆಂದರೂ ಕೇಳದೆ ಎದ್ದು ನಿಂತು, ತೂರಾಡುತ್ತ, ಬಗ್ಗಿ ಮೂರು ಆದಾಬ್ ಸಲ್ಲಿಸಿದ, ಅಂಬಿಗನ ಹೆಂಡತಿಗೆ. ಆಮೇಲೆ ಅವಳ ಕಾಲ ಮೇಲೆಯೇ ವಾಂತಿ ಮಾಡಿದ.

"ಯಾಂವಾ ಕಟ್ಟಿದಾಂವ?" ಎಂದಳು ಅವಳು.

ಹದಿನೈದು ಬೆರಳುಗಳು ನನ್ನ ಕಡೆ ತಿರುಗಿದವು.

"ಬೀಳಬಾರದಂತ..." ಅಂದೆ.

"ಬಿದ್ದರ ಮನಷ್ಯಾ ಕೈಕಾಲರ ಬಡೀತಾನ. ಯಾರರ ಕೈ ಕೊಡ್ತಾರ. ಕಟ್ಟಿದ್ರ ಏನ್ ಮಾಡಬೇಕೋ ಅಂವಾ? ದನಾ ಏನ?" ಆಮೇಲೆ ಸದರ್ ಸಾಹೇಬನ ಕಡೆ ತಿರುಗಿ, "ಮೀಸಿ ಸಾಹೇಬ್ರ, ನಿಮಗ ಈಸು ಬರತೈತೇನ್ರಿ?" ಎಂದು ಕೇಳಿದಳು.

"ಇಲ್ಲ," ಎಂದ ಅವನು, ಮರಳು ನೋಡುತ್ತ.

ಮುಂದಿನ ಶುಕ್ರವಾರ ತಾಯಿ ರೊಟ್ಟಿ ತರುವ ದಿನ. ಹುಡುಗ ತಾನು ಹೇಳುವುದಿಲ್ಲ ಎಂದು ಆಣೆ ಮಾಡಿದ್ದ. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಹೇಳದಿದ್ದರೆ ಏನಾದೀತು ಎಂಬುದೂ ಒಂದು ಚಿಂತೆಯೇ. ಅವಳು ಪಡಸಾಲೆಗೆ ಬಂದು ಗಂಟು ಇಳಿಸುವ ಮೊದಲೇ ಶುರುಮಾಡಿದೆ.

"ಎವ್ವಾ, ಹ್ವಾದ ಶುಕ್ರವಾರ..."

"ಗೊತ್ತೈತಿ. ದಾಟಿಸಿಕೊಂಡು ಬಂದಾಕಿ ಯಾರು? ಅಂಬಿಗನ ಹೇಣ್ತಿ. ನಡು ಹೊಳಿಯಾಗ ಹುಟ್ಟು ನಿಲ್ಲಿಸಿ ಎಲ್ಲಾ ಹೇಳ್ಯಾಳ." ಅವಳ ಬಾಯಿ ಬಿಗಿದಿತ್ತು. ನಂತರ ಏನೋ ನೆನಪಾಗಿ, "ಧೋತರಾ ಬಿಚ್ಚಿ ಕಟ್ಟಿದಿಯಂತ?" ಎಂದವಳೇ ಸೆರಗು ಬಾಯಿಗೆ ಒತ್ತಿ ನಗತೊಡಗಿದಳು. ಹುಡುಗ ಆ ನಗುವನ್ನು ಎಲ್ಲಿಂದ ತಂದಿದ್ದನೆಂದು ಆಗ ತಿಳಿಯಿತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು, ಎರಡನೆಯ ಸಲ ಒರೆಸಿಕೊಂಡಾಗ ನಗುತ್ತಿರಲಿಲ್ಲ.

"ನಿನಗ ಅಂಜಿಕಿ ಇದ್ದಿಲ್ಲೇನು?"

"ಇತ್ರಿ. ವಾರ ಪೂರ್ತಿ ಉಂಡಿದ್ದಿಲ್ಲ."

"ಮತ್ತ ಬ್ಯಾಡ ಅನ್ನಾಕ ಏನಾಗಿತ್ತು?"

"ನಗ್ತಾರಂತ."

ಅವಳು ನನ್ನನ್ನೇ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಕ್ಕರ ಏನಾಕೈತಿ?" ಎಂದಳು, ನಿಜವಾಗಿಯೂ ತಿಳಿಯಬೇಕು ಎಂಬಂತೆ. ಮಗನನ್ನು ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡೆ, ಹೋಗಲಿಲ್ಲ. ಅವನ ತಲೆಗೂದಲೆಲ್ಲ ಕೆದರಿ, ಬರಿಗೈಯಲ್ಲಿ ಹೊಳೆಯ ಕಡೆ ನಡೆದಳು.

ಅದೇ ಮಧ್ಯಾಹ್ನ ಅಂಜುಮನ್ ಸೇರಿತು. ರಾಮಸಮುದ್ರದ ಇಬ್ಬರು ಇನ್ನೂ ಉಳಿದಿದ್ದರು. ಮೂಲೆಯಲ್ಲಿ, ಗಿರಗಿರಿಗೆಂದು ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡು, ಕುರಿಮರಿಗಳ ಹಾಗೆ ಕೂತಿದ್ದರು. ಸದರ್ ಸಾಹೇಬ ಗಂಟಲು ಸರಿಮಾಡಿಕೊಂಡ.

"ಹೊಳಿ ಬ್ಯಾಡ. ಅಂಬಿಗನ ಹೇಣ್ತಿ ಚೂರಿ ಹಿಡ್ಕೊಂಡು ಕುಂತಾಳ. ತ್ವಾಟದ ಬಾವ್ಯಾಗ ನೀರೆತ್ತೂ ಬಾನಿ ಐತಲ್ಲ, ಅದರಾಗ ಕುಂದರಿಸಿ ಇಳಿಬಿಟ್ಟು ತಿರುವೂನು." ನನ್ನ ಕಡೆ ನೋಡಿ ಕಣ್ಣು ಹೊಡೆದ. "ಬಂದೋಬಸ್ತ್ ಕೊತ್ವಾಲ ಸಾಹೇಬ್ರದು. ಈ ಸಲ ಲುಂಗಿ ಬಿಚ್ಚಿ ಕಟ್ಟತಾರ."

ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಕಾಲು ಎಷ್ಟು ನಡುಗುತ್ತಿತ್ತೆಂದರೆ ಗೋಡೆ ಹಿಡಿಯಬೇಕಾಯಿತು.

"ಬ್ಯಾಡ," ಅಂದೆ.

"ಏನು ಬ್ಯಾಡ? ಲುಂಗಿ?"

"ಬಾನಿನೂ ಬ್ಯಾಡ, ಬಾವಿನೂ ಬ್ಯಾಡ. ಏನೂ ಬ್ಯಾಡ. ಇವತ್ತಿನಿಂದ ಇವರಿಗೂ ತಂಬಿಗಿ ಕೊಡ್ರಿ."

ಅಂಥ ನಗು ನಾನು ಕೇಳಿಲ್ಲ. ಪಡಸಾಲೆಯ ಜಂತಿಯಲ್ಲಿದ್ದ ಗುಬ್ಬಿಗಳು ಹಾರಿಹೋದವು. ಒಬ್ಬ ನನ್ನ ನಡುಗುವ ಕಾಲನ್ನು ಅಣಕಿಸಿ ತೋರಿಸಿದ, ಇನ್ನೊಬ್ಬ ಉರುಳಿಬಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ದೋರನಹಳ್ಳಿಯವನು. ನಗುತ್ತಲೇ ಎದ್ದು ಬಂದು, ನಗುತ್ತಲೇ ನನ್ನ ಪಕ್ಕಕ್ಕೆ ಗೋಡೆಗೆ ಒರಗಿ ನಿಂತುಕೊಂಡ. ನನಗೂ ನಗು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ನಗು ಬಹಳ ಹೊತ್ತು ನಡೆಯಿತು, ಇಬ್ಬರೂ ನಿಂತೇ ಇದ್ದೆವು. ಅದು ಇನ್ನೂ ನಡೆದಿದ್ದಾಗಲೇ ಮೂಲೆಯ ಇಬ್ಬರು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಶೇರವಾನಿಯ ಗುಂಡಿಗಳನ್ನು ಕುತ್ತಿಗೆಯಿಂದ ಒಂದೊಂದಾಗಿ ಬಿಚ್ಚತೊಡಗಿದರು.