ಔಷಧಿ ಕೋಣೆಯ ಭರಣಿಗಳು

ಎಪ್ಪತ್ತರ ದಶಕದಲ್ಲಿ ನಾನು ಹೊನ್ನಾಳಿಯ ದನದ ಆಸ್ಪತ್ರೆಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ಡಾಕ್ಟರು ಎಮ್ಮೆಗಳ ಲಿವರ್ ತಿನ್ನುವ ಚಪ್ಪಟೆ ಹುಳುವನ್ನು ಔಷಧಿ ಕೋಣೆಯಲ್ಲೇ ಬೆಳೆಸುತ್ತಿದ್ದರು. ಉಪ್ಪಿನಕಾಯಿ ಭರಣಿಗಳ ತುಂಬ ಗದ್ದೆಯ ಬಸವನಹುಳುಗಳು. ಅವುಗಳ ಒಡಲೊಳಗೆ ಈ ಹುಳುವಿನ ಮರಿಗಳು. ದಿನಾ ನೀರು ಬದಲಿಸುವರು, ಹಳೆಯ ನೀರನ್ನು ಕುದಿಸಿಯೇ ಚೆಲ್ಲುವರು. ಯಾರಾದರೂ ನಕ್ಕರೆ, "ಹೆಂಗೆ ಬದುಕ್ತೈತೆ ಅಂತ ತಿಳೀದೆ ಹೆಂಗ್ರೀ ಕೊಲ್ಲಾದು?" ಎನ್ನುವರು.

ಒಮ್ಮೆ ತಪಾಸಣೆಗೆ ಬಂದ ಮೇಲಧಿಕಾರಿ ಮೂಗು ಮುಚ್ಚಿಕೊಂಡು, "ಇದೇನ್ರೀ ಗಲೀಜು? ಈಗಲೇ ಚರಂಡಿಗೆ ಚೆಲ್ಲಿ," ಎಂದರು.

"ಚೆಲ್ಲಲ್ಲ ಸಾರ್," ಎಂದರು ಡಾಕ್ಟರು. "ಆ ಚರಂಡಿ ಗದ್ದೆಗೆ ಹೋಗ್ತೈತೆ. ಹುಳದ ಮರಿ ಅಲ್ಲಿನ ಹುಲ್ಲಿಗೆ ಅಂಟ್ಕಂತಾವೆ, ಅದನ್ನೇ ಎಮ್ಮೆಗಳು ತಿಂತಾವೆ."

"ಇದು ನನ್ನ ಆರ್ಡರ್!"

ಡಾಕ್ಟರು ನನ್ನ ಮೇಜಿನಿಂದ ಒಂದು ಹಾಳೆ ಎಳೆದು ಅವರ ಮುಂದಿಟ್ಟರು. "ಹಂಗಾದ್ರೆ ಬರೆದುಕೊಡ್ರಿ. ಯಾರ್ಯಾರ ಎಮ್ಮೆ ಸಾಯ್ಬೇಕು ಅಂತ ಹೆಸರೂ ಹಾಕ್ರಿ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಒಂದಕ್ಷರವನ್ನೂ ಬರೆಯದೆ ಮತ್ತೆ ಹಾಕಿದರು. ಅವರ ಜೀಪು ಹೊರಟ ಮೇಲೆ ಡಾಕ್ಟರು ಆ ಖಾಲಿ ಹಾಳೆಯನ್ನು ಭರಣಿಗೆ ಅಂಟಿಸಿ, ನೀರು ಕುದಿಸಲು ಸ್ಟೌ ಹಚ್ಚಿದರು.